ಹಸಿರು ಡಬ್ಬಿಯ ಪ್ಲಗ್

ಸುಂಕದ ಕಚೇರಿಯಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತರಾದ ಒಬ್ಬ ಮಹಾಶಯರಿದ್ದರು. ಹಡಗಿನಿಂದ ಇಳಿದ ಪ್ರತಿ ಪೆಟ್ಟಿಗೆಯ ಕಾಗದದಲ್ಲೂ ‘ಮೂಲದೇಶ’ ಅಂತ ಒಂದು ಕಲಂ ಇರುತ್ತದೆ. ಒಳಗಿರುವ ಸಾಮಾನು ಯಾವ ದೇಶದಲ್ಲಿ ತಯಾರಾಯಿತು ಎನ್ನುವುದನ್ನು ಅಲ್ಲಿ ಬರೆದಿರಬೇಕು. ಆ ಕಲಂ ಓದಿ ಠಸ್ಸೆ ಒತ್ತುವುದು ಇವರ ಕೆಲಸ. ಪೆಟ್ಟಿಗೆ ಬಿಚ್ಚಿ ಒಳಗೇನಿದೆ ಎಂದು ನೋಡುವುದು ಬೇರೆ ವಿಭಾಗದವರ ಕೆಲಸವಾಗಿತ್ತು.

ನಿವೃತ್ತಿಯಾದ ಮೇಲೂ ಚಟ ಬಿಡಲಿಲ್ಲ. ಯಾರ ಮನೆಗೆ ಹೋದರೂ ತಟ್ಟೆ, ಲೋಟ, ಗಡಿಯಾರ, ಕೊಡೆ ಎಲ್ಲವನ್ನೂ ಅಂಗಾತ ಮಲಗಿಸಿ ಹೊಟ್ಟೆ ನೋಡುತ್ತಿದ್ದರು. ಒಂದು ಮನೆಯಲ್ಲಿ ಚಹಾ ತುಂಬಿದ ಕಪ್ಪನ್ನೇ ಎತ್ತಿ ತಳ ಓದಲು ಹೋಗಿ ತೊಡೆ ಸುಟ್ಟುಕೊಂಡರು. ಸುಟ್ಟುಕೊಂಡೂ “ಇಂಗ್ಲೆಂಡು!” ಎಂದು ತೃಪ್ತಿಯಿಂದ ತಲೆದೂಗಿದರಂತೆ. ಅತ್ತೆ ಹೊಸದಾಗಿ ಹಲ್ಲಿನ ಸೆಟ್ಟು ಕಟ್ಟಿಸಿಕೊಂಡಾಗ, ಆಕೆ ಮಧ್ಯಾಹ್ನ ಮಲಗಿದ್ದ ಹೊತ್ತಿನಲ್ಲಿ ಅದನ್ನು ನೀರಿನ ಲೋಟದಿಂದ ತೆಗೆದು ಕಿಟಕಿಯ ಬೆಳಕಿಗೆ ಹಿಡಿದವರು ಇವರೇ. ನೆಂಟರೆಲ್ಲ ಸೇರಿ ಇವರಿಗೆ ‘ಮೂಲದೇಶ’ ಎಂದೇ ಹೆಸರಿಟ್ಟರು. ಬೆನ್ನ ಹಿಂದೆ ಇಟ್ಟ ಹೆಸರು ಅವರ ಕಿವಿಗೂ ಬಿತ್ತು. ಕೋಪ ಬರಲಿಲ್ಲ, ಬಿರುದು ಸಿಕ್ಕಷ್ಟು ಹಿಗ್ಗಿದರು.

ಮೂಲದೇಶರ ಬಳಿ ದೇಶಗಳ ಪಟ್ಟಿಯೊಂದಿತ್ತು. ಜಪಾನ್ ಮೊದಲು, ಜರ್ಮನಿ ಎರಡನೆಯದು, ಹೀಗೆ ಹನ್ನೊಂದರ ತನಕ. ನಮ್ಮ ದೇಶ ಎಷ್ಟನೆಯದು ಎಂದು ಯಾರಾದರೂ ಕೇಳಿದರೆ, “ಪಟ್ಟಿ ಅಂದ್ಮೇಲೆ ಎಲ್ಲಾದ್ರೂ ಒಂದು ಕಡೆ ನಿಲ್ಲಿಸ್ಬೇಕಲ್ಲ” ಎನ್ನುತ್ತಿದ್ದರು. ತೊಂಬತ್ತಾರು ಮನೆಗಳ ಕಾಲೊನಿಯಲ್ಲಿ ಇಂಥ ಜ್ಞಾನಿ ಸುಮ್ಮನೆ ಕೂರುವಂತಿಲ್ಲ. ಖರೀದಿ ಉಪಸಮಿತಿಗೆ ಅವರನ್ನೇ ಮುಖ್ಯಸ್ಥರನ್ನಾಗಿ ಮಾಡಿದರು. ಉಪಸಮಿತಿಯಲ್ಲಿ ಬೇರೆ ಯಾರೂ ಇರಲಿಲ್ಲ.

ಅವರ ಹೆಂಡತಿಯ ತಂಗಿ ಸಣ್ಣ ಎಂಜಿನ್‌ಗಳ ಮೆಕ್ಯಾನಿಕ್. ಕಾಲೊನಿಯಿಂದ ಎರಡು ಬೀದಿ ಆಚೆ, ಹಿಂದೆ ಇಸ್ತ್ರಿ ಅಂಗಡಿಯಾಗಿದ್ದ ಒಂದೇ ಷಟರಿನ ಕೋಣೆಯಲ್ಲಿ ಅವಳ ವರ್ಕ್‌ಶಾಪು. ತಗಡು ಹೊದಿಸಿದ ಮೇಜು, ಹಳೆಯ ಗಾಜಿನ ಬಾಟಲಿಗಳಲ್ಲಿ ಅಳತೆವಾರು ಸ್ಕ್ರೂಗಳು, ಗೋಡೆಗೆ ನೇತುಹಾಕಿದ ಸ್ಪ್ಯಾನರುಗಳು, ಎಷ್ಟು ತೊಳೆದರೂ ಹೋಗದ ಪೆಟ್ರೋಲಿನ ವಾಸನೆ. ಹುಲ್ಲು ಕತ್ತರಿಸುವ ಮೆಷಿನ್ನು, ನೀರಿನ ಪಂಪು, ಮನೆಯ ಜನರೇಟರು, ಮರ ಕೊಯ್ಯುವ ಗರಗಸ, ಯಾವುದೇ ಬರಲಿ, ಬೀದಿಯ ತಿರುವಿನಲ್ಲಿ ಅದು ಕೆಮ್ಮುವುದನ್ನು ಕೇಳಿಯೇ ರೋಗ ಹೇಳುವವಳು. ಅಪ್ಪನಿಂದ ಕಲಿತ ವಿದ್ಯೆ, ಇಪ್ಪತ್ತು ವರ್ಷದ ಪಳಗಿದ ಕೈ. ನಾಲಿಗೆಯೂ ಅಷ್ಟೇ ಪಳಗಿತ್ತು.

ಒಂದು ದಿನ ಕಾಲೊನಿಯ ಹುಲ್ಲು ಕತ್ತರಿಸುವ ಮೆಷಿನ್ನು ಮುಷ್ಕರ ಹೂಡಿತು. ಮಾಲಿ ಹಗ್ಗ ಎಳೆದು ಎಳೆದು ಭುಜ ನೋಯಿಸಿಕೊಂಡು, ಕೊನೆಗೆ ಅದನ್ನು ಕೈಗಾಡಿಯಲ್ಲಿ ಹೇರಿಕೊಂಡು ಅವಳಲ್ಲಿಗೆ ತಂದ. ಅವಳು ಎಂಜಿನ್ನಿಗೆ ಕಿಡಿ ಹೊತ್ತಿಸುವ ಪ್ಲಗ್ ಬಿಚ್ಚಿ ನೋಡಿದಳು. ಮಸಿ ಹಿಡಿದು, ನಡುವಿನ ಕಡ್ಡಿ ಸವೆದು ಮೊಂಡಾಗಿತ್ತು. ಬಿಳಿ ಡಬ್ಬಿಯಿಂದ ಹೊಸದೊಂದು ತೆಗೆದು, ಕಡ್ಡಿಗೂ ಅದರ ಮೇಲಿನ ಕೊಕ್ಕೆಗೂ ನಡುವಿನ ಗ್ಯಾಪನ್ನು ಗೇಜ್ ಪಟ್ಟಿಯಿಂದ ನೋಡಿ ಹಾಕಿದಳು. ಎರಡನೇ ಎಳೆತಕ್ಕೆ ಮೆಷಿನ್ನು ಗುಡುಗಿತು. ಅಷ್ಟು ಹೊತ್ತಿಗೆ ಮೂಲದೇಶ ಬಾಗಿಲಲ್ಲಿ ನಿಂತಿದ್ದರು.

“ಏನು ಹಾಕಿದೆ?”

“ಪ್ಲಗ್, ಭಾವ.”

“ಅದು ಗೊತ್ತು. ಎಲ್ಲಿದು?”

“ಎಂಜಿನ್ನಿನ ತಲೆ ಮೇಲಿದೆ, ನೋಡಿ.”

“ತಮಾಷೆ ಬೇಡಮ್ಮ. ಯಾವ ದೇಶದ್ದು?”

“ನಮ್ದೇ. ಬಸ್ಸಲ್ಲಿ ಹೋದ್ರೆ ಎರಡು ಗಂಟೆ, ನದಿ ಪಕ್ಕ ದೊಡ್ಡ ಕಾರ್ಖಾನೆ ಇದೆಯಲ್ಲ, ಅಲ್ಲಿ ಮಾಡ್ತಾರೆ. ಕಂಪನಿ ಜಪಾನಿನವರದೇ.”

ಮೂಲದೇಶ ಹಲ್ಲುನೋವು ಬಂದವರಂತೆ ಕೆನ್ನೆ ಹಿಡಿದುಕೊಂಡರು. “ಕಂಪನಿ ಜಪಾನಿಂದಾದ್ರೆ ಆಗೋಯ್ತಾ? ಕೈ ಯಾರದು? ನೀರು ಎಲ್ಲಿದು? ಶಿಸ್ತು ಎಲ್ಲಿದು?”

“ಪ್ಲಗ್ಗಿಗೆ ನೀರು ಹಾಕಲ್ಲ ಭಾವ. ಹಾಕಿದ್ರೆ ಸ್ಟಾರ್ಟ್ ಆಗಲ್ಲ.” ಅವಳು ಕೈ ಒರೆಸಿಕೊಂಡಳು. “ಅದೇ ಅಳತೆ, ಅದೇ ಪಿಂಗಾಣಿ, ಅದೇ ಪರೀಕ್ಷೆ. ಇಲ್ಲಿ ಮಾಡಿದ್ದು ಅರ್ಧಕ್ಕರ್ಧ ಹೊರದೇಶಕ್ಕೇ ಹೋಗುತ್ತೆ. ಎಲ್ಲಾ ದೇಶದಲ್ಲೂ ಒಳ್ಳೆ ಕಾರ್ಖಾನೆ ಇರುತ್ತೆ, ಕಳಪೆ ಕಾರ್ಖಾನೆಯೂ ಇರುತ್ತೆ. ದೇಶದ ಹೆಸರು ನೋಡಿದ್ರೆ ಆಗಲ್ಲ. ಮಾಲು ನೋಡ್ಬೇಕು.”

“ಮಾಲು ನೋಡೋದು ಬೇರೆ ವಿಭಾಗ,” ಎಂದು ಮೂಲದೇಶರ ಬಾಯಿಂದ ತಾನೇ ತಾನಾಗಿ ಬಂತು. ಆಮೇಲೆ ಗಂಟಲು ಸರಿಮಾಡಿಕೊಂಡು, “ಬಿಚ್ಚು ಅದನ್ನ. ನಾನು ತರ್ತೀನಿ ಪ್ಲಗ್” ಎಂದರು.

ಅವಳು ಎಂಜಿನ್ ಆರಿಸಿ ಬಿಚ್ಚಿದಳು. ಓಡುತ್ತಿದ್ದ ಮೆಷಿನ್ನು ಮತ್ತೆ ಮೂಕವಾಯಿತು. ಮಾಲಿ ನಿಟ್ಟುಸಿರು ಬಿಟ್ಟು ಕೈಗಾಡಿಯ ಮೇಲೆ ಕೂತ.

ಮೂಲದೇಶ ಹೋದದ್ದು ದೊಡ್ಡ ರಸ್ತೆಯ ಗಾಜಿನ ಅಂಗಡಿಗೆ. ಅಲ್ಲಿ ಎಸಿ ಇತ್ತು, ಕತ್ತಿಗೆ ಟೈ ಕಟ್ಟಿಕೊಂಡ ಮಾಲೀಕನಿದ್ದ, ಬಿಡಿಭಾಗಗಳನ್ನು ಒಡವೆಯ ಹಾಗೆ ಮಖಮಲ್ಲಿನ ಮೇಲೆ ಜೋಡಿಸಿಟ್ಟಿದ್ದರು. ಸಾಯಂಕಾಲ ಅವರು ತಂದ ಡಬ್ಬಿ ಗಿಣಿಹಸಿರು ಬಣ್ಣದ್ದು. ಮೇಲೆ ಬಂಗಾರದ ಅಕ್ಷರ, ಮೂಲೆಯಲ್ಲಿ ಓರೆ ಮಾಡಿದರೆ ಮಿನುಗುವ ಸ್ಟಿಕ್ಕರು, ನಾಲ್ಕೂ ಮಗ್ಗುಲಲ್ಲಿ ‘ಜಪಾನಿನಲ್ಲಿ ತಯಾರಾದದ್ದು’. ತಳದಲ್ಲಿ ಇನ್ನೊಂದು ಸಲ.

ನಾದಿನಿ ಒಳಗಿನ ಪ್ಲಗ್ಗನ್ನು ಬೆರಳ ನಡುವೆ ಒಂದು ಸುತ್ತು ತಿರುಗಿಸಿದಳು. ತಿರುಪಿನ ಅಂಚು ಉಗುರಿಗೆ ತರಚಿತು. ವಾಷರ್ ಗಡಗಡ ಅಲ್ಲಾಡಿ ಕೈಗೇ ಬಂತು. ನಡುವಿನ ಕಡ್ಡಿ ಒಂದು ಕಡೆಗೆ ವಾಲಿ, ಮೇಲಿನ ಕೊಕ್ಕೆ ಇನ್ನೊಂದು ಕಡೆಗೆ ಮುಖ ತಿರುಗಿಸಿತ್ತು, ಜಗಳವಾಡಿದ ಗಂಡ ಹೆಂಡಿರ ಹಾಗೆ.

“ಭಾವ, ಇದು ಡೂಪ್ಲಿಕೇಟು.”

“ಡಬ್ಬಿ ನೋಡಿದ್ಯಾ?”

“ಡಬ್ಬಿ ಒರಿಜಿನಲ್ಲೇ. ಡಬ್ಬಿ ಮಾಡೋದು ಅವರಿಗೆ ಚೆನ್ನಾಗಿ ಬರುತ್ತೆ. ಎಲ್ಲೋ ಗೋದಾಮಲ್ಲಿ ಕೂತು ತಿರುಪು ಕೊರೆದು, ಜಪಾನ್ ಅಂತ ಅಚ್ಚು ಹಾಕಿದಾರೆ. ಮೇಲೆ ಥಳುಕು, ಒಳಗೆ ಹುಳುಕು.”

“ಐದು ಕಡೆ ಬರೆದಿದೆ!”

“ನಿಜವಾದವರು ಒಂದು ಸಲ ಬರೀತಾರೆ, ಭಾವ.”

ಮೂಲದೇಶ ಆಕೆಯ ಕಡೆ ಕರುಣೆಯಿಂದ ನೋಡಿದರು. ಹೆಂಡತಿಯ ತಂಗಿ, ಎಣ್ಣೆ ಕೈಯವಳು, ಪಾಪ, ಹಡಗು ನೋಡಿದವಳಲ್ಲ. “ನೀನು ಹಾಕು. ಮಿಕ್ಕಿದ್ದು ನನಗೆ ಬಿಡು” ಎಂದರು. ತಿರುಪನ್ನು ತಂತಿ ಬ್ರಶ್ಶಿನಿಂದ ಉಜ್ಜಿ, ಎಂಜಿನ್ನಿನ ತಲೆ ಹಾಳಾಗದಂತೆ ಉಸಿರು ಬಿಗಿಹಿಡಿದು ಅವಳು ಅದನ್ನು ಕೂರಿಸಿದಳು.

ಭಾನುವಾರ ಬೆಳಿಗ್ಗೆ ಪಾರ್ಕಿನಲ್ಲಿ ಪ್ರದರ್ಶನ ಏರ್ಪಾಡಾಯಿತು. ಪ್ಲಾಸ್ಟಿಕ್ ಕುರ್ಚಿಗಳು ಬಂದವು. ಕಾಲೊನಿಯ ಅಧ್ಯಕ್ಷೆಯಾಗಿದ್ದ ನಿವೃತ್ತ ಹಲ್ಲಿನ ಡಾಕ್ಟರು ತಮ್ಮ ನಾಯಿಯನ್ನು ಹಿಡಿದುಕೊಂಡು ಮೊದಲ ಸಾಲಿನಲ್ಲಿ ಕೂತರು. ಮೂಲದೇಶ ಹಸಿರು ಡಬ್ಬಿಯನ್ನು ಅಂಗೈ ಮೇಲೆ ನಿಲ್ಲಿಸಿಕೊಂಡು ಭಾಷಣ ಮಾಡಿದರು. ಕಿಡಿ ಎಂದರೇನು, ಸಂಸ್ಕಾರ ಎಂದರೇನು, ಕೆಲವು ಜನಾಂಗದ ಕೈಬೆರಳುಗಳೇ ಹೇಗೆ ಬೇರೆ, ಎಲ್ಲ ಬಂತು. ನಾದಿನಿ ಹಿಂದಿನ ಸಾಲಿನಲ್ಲಿ ಕೂತು ತನ್ನ ಕೈಬೆರಳುಗಳನ್ನು ನೋಡಿಕೊಂಡಳು.

ಮಾಲಿ ಹಗ್ಗ ಎಳೆದ. ಐದನೆಯ ಸಲಕ್ಕೆ ಮೆಷಿನ್ನು ಹೊತ್ತಿಕೊಂಡಿತು. ಚಪ್ಪಾಳೆ ಬಿತ್ತು. ಮೂಲದೇಶ ಕಣ್ಣು ಮುಚ್ಚಿದರು.

“ಕೇಳಿ ಆ ಶಬ್ದ! ಒಂದು ಹೊಡೆತ ಹೆಚ್ಚಿಲ್ಲ, ಒಂದು ಕಮ್ಮಿ ಇಲ್ಲ. ಇದಕ್ಕೆ ಶಿಸ್ತು ಅಂತಾರೆ.”

ಮೂರು ಪಟ್ಟಿ ಹುಲ್ಲು ಕತ್ತರಿಸಿ ನಾಲ್ಕನೆಯದರ ನಡುವೆ ಮೆಷಿನ್ನು ಎರಡು ಸಲ ಬಿಕ್ಕಿತು, ಒಮ್ಮೆ ಕೆಮ್ಮಿತು, ಆಮೇಲೆ ಸೈಲೆನ್ಸರಿನಿಂದ ಪಟಾರನೆ ಗುಂಡು ಹಾರಿಸಿ ತಣ್ಣಗಾಯಿತು. ಅಧ್ಯಕ್ಷೆಯ ನಾಯಿ ಬೆಂಚಿನ ಕೆಳಗೆ ಸೇರಿಕೊಂಡದ್ದು ಮಧ್ಯಾಹ್ನದ ತನಕ ಹೊರಗೆ ಬರಲಿಲ್ಲ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮೂಲದೇಶ ಮೊದಲು ಪೆಟ್ರೋಲನ್ನು ಬೈದರು, ಆಮೇಲೆ ಗಾಳಿಯ ತೇವವನ್ನು. ಮಾಲಿ ಎಡಗೈಯಲ್ಲಿ ಎಳೆದನೆಂದರು. ಕೊನೆಗೆ ಹುಲ್ಲಿನ ಹತ್ತಿರ ಬಂದು ಅನುಮಾನದಿಂದ ನೋಡಿದರು.

“ಹುಲ್ಲು ಲೋಕಲ್ಲು ಸಾರ್,” ಅಂದ ಮಾಲಿ ತಗ್ಗಿದ ದನಿಯಲ್ಲಿ. “ಅದಕ್ಕೆ ಮರ್ಯಾದೆ ಗೊತ್ತಾಗ್ಲಿಲ್ಲ ಅನ್ಸುತ್ತೆ.”

ಅಲ್ಲೇ ಕುರ್ಚಿಗಳನ್ನು ದುಂಡಗೆ ಹಾಕಿಕೊಂಡು ಸಭೆ ನಡೆಯಿತು. ಮುಕ್ಕಾಲು ಗಂಟೆಯ ಚರ್ಚೆಯ ನಂತರ ಬಹುಮತದಿಂದ ತೀರ್ಮಾನವಾಯಿತು: ಪ್ಲಗ್ ಉತ್ತಮವಾಗಿದೆ, ಮೆಷಿನ್ನಿಗೆ ಅದರ ಯೋಗ್ಯತೆ ಇಲ್ಲ. ಮೆಷಿನ್ನನ್ನು ಮತ್ತೆ ವರ್ಕ್‌ಶಾಪಿಗೆ ಕಳಿಸುವುದು, ಆದರೆ ಯಾವ ಕಾರಣಕ್ಕೂ ಪ್ಲಗ್ ಮುಟ್ಟಕೂಡದು ಎಂದು ಕಾಗದದಲ್ಲಿ ಬರೆದು ಅದಕ್ಕೆ ಅಂಟಿಸಿದರು. ಬಿದ್ದರೂ ಮೂಲದೇಶರ ಮೀಸೆ ಮಣ್ಣಾಗಲಿಲ್ಲ.

ಮಾರನೆಯ ದಿನ ಅಕ್ಕ, ಅಂದರೆ ಮೂಲದೇಶರ ಹೆಂಡತಿ, ತಂಗಿಯ ವರ್ಕ್‌ಶಾಪಿಗೆ ಬಂದಳು. ಕೈಚೀಲದಿಂದ ಖಾಲಿ ಹಸಿರು ಡಬ್ಬಿಯನ್ನು ತೆಗೆದು ಮೇಜಿನ ಮೇಲಿಟ್ಟಳು. ತಂಗಿ ಅಂಟಿಸಿದ ಕಾಗದ ಓದುತ್ತಾ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

“ನಿನ್ನ ಬಿಳಿ ಡಬ್ಬಿದನ್ನ ಹಾಕು,” ಅಂದಳು ಅಕ್ಕ. “ಇವರದು ಬಿಸಾಕು. ಈ ಡಬ್ಬಿ ಮೆಷಿನ್ ಜೊತೆ ಕಳಿಸು. ಇದು ಅದೇ ಅಂಗಡಿಯಿಂದ ತಂದ ಎರಡನೇ ಪ್ಲಗ್, ಮೊದಲನೇದಕ್ಕೆ ದೃಷ್ಟಿ ಆಗಿತ್ತು ಅಂತ ನಾನು ಹೇಳ್ತೀನಿ.”

“ಅಕ್ಕಾ, ಅದು ಮೋಸ ಅಲ್ವೇನೇ?”

“ಯಾರಿಗೆ ಮೋಸ? ಒಳ್ಳೇದು ಹಾಕಿದ್ರೆ ಮೋಸ ಹೇಗಾಗುತ್ತೆ?” ಅಕ್ಕ ಸ್ಟೂಲು ಎಳೆದುಕೊಂಡು ಕೂತಳು. “ನೋಡು, ನಿಮ್ಮ ಭಾವನ ಇಟಲಿ ಕಾಫಿಪುಡಿ ಡಬ್ಬಿ ಇದೆಯಲ್ಲ, ಅದು ಖಾಲಿಯಾಗಿ ಹದಿನಾಲ್ಕು ವರ್ಷ ಆಯ್ತು. ಮೂಲೆ ಅಂಗಡಿ ಪುಡಿ ತುಂಬ್ತಾ ಇದೀನಿ. ದಿನಾ ಬೆಳಿಗ್ಗೆ ಮೂಗಿಗೆ ಹಿಡ್ಕೊಂಡು ಕಣ್ಣು ಮುಚ್ತಾರೆ. ಫ್ರಾನ್ಸಿನ ಸೆಂಟಿನ ಶೀಸೆ, ಸ್ವಿಟ್ಜರ್ಲೆಂಡಿನ ಬಿಸ್ಕತ್ತಿನ ಡಬ್ಬಿ, ಎಲ್ಲಾ ಅದೇ ಕಥೆ. ಇಷ್ಟು ವರ್ಷ ಸಂಸಾರ ಸುಖವಾಗಿ ನಡೆದದ್ದು ಹೇಗೆ ಅಂದ್ಕೊಂಡೆ?”

ತಂಗಿ ನಕ್ಕು ನಕ್ಕು ಮೇಜು ಹಿಡಿದುಕೊಂಡಳು. ನಕ್ಕು ಮುಗಿದ ಮೇಲೆ ಬಿಳಿ ಡಬ್ಬಿಯ ಪ್ಲಗ್ ತೆಗೆದು ಎಂಜಿನ್ನಿಗೆ ಹಾಕಿದಳು.

ಮೆಷಿನ್ನು ಮಾತಾಡದೆ ಇಡೀ ಪಾರ್ಕು ಬೋಳಿಸಿತು. ಆ ವಾರ, ಮುಂದಿನ ವಾರ, ಅದರ ಮುಂದಿನ ವಾರವೂ. ಮೂಲದೇಶ ‘ಮೂಲದೇಶದ ಮಹತ್ವ’ ಎಂಬ ಎರಡು ಪುಟದ ಬರಹವನ್ನು ನೋಟೀಸು ಹಲಗೆಗೆ ಅಂಟಿಸಿದರು. ಮೊದಲ ಪ್ಲಗ್ ನಿಂತುಹೋದದ್ದು ಎಂಜಿನ್ನು ಉತ್ತಮ ಕಿಡಿಗೆ ಒಗ್ಗಿಕೊಳ್ಳುವ ಹಂತ ಎಂದು ಅದರಲ್ಲಿ ವಿವರಿಸಿದ್ದರು. ಕಾಲೊನಿಯ ಜನ ಅದನ್ನು ಓದಿ ತಮ್ಮ ತಮ್ಮ ಜನರೇಟರು, ಪಂಪುಗಳನ್ನು ಹೊತ್ತುಕೊಂಡು ವರ್ಕ್‌ಶಾಪಿಗೆ ಬಂದರು. ಎಲ್ಲರದೂ ಒಂದೇ ಬೇಡಿಕೆ: ಹಸಿರು ಡಬ್ಬಿಯದು. ಅಕ್ಕ ಖಾಲಿ ಡಬ್ಬಿಗಳನ್ನು ಎಲ್ಲಿಂದಲೋ ಕೂಡಿಸಿ ತಂದು ಕೊಟ್ಟಳು.

ಬಿಳಿ ಡಬ್ಬಿಯ ಪ್ಲಗ್ಗನ್ನೇ ಏಳು ವರ್ಷದಿಂದ ಹಾಕಿಸಿಕೊಂಡು ಒಂದು ದಿನವೂ ತೊಂದರೆ ಕಾಣದ ಬೇಕರಿಯವನೊಬ್ಬನಿದ್ದ. ಅವನೂ ಬಂದ. ಹಳೆಯದನ್ನು ತೆಗೆಸಿ, ಅದೇ ಜಾತಿಯ ಹೊಸದನ್ನು ಹಸಿರು ಡಬ್ಬಿಯಿಂದ ಹಾಕಿಸಿಕೊಂಡ. ಜನರೇಟರಿಗೆ ಕಿವಿಗೊಟ್ಟು, “ವ್ಯತ್ಯಾಸ ಗೊತ್ತಾಗುತ್ತೆ ನೋಡಿ! ಇಷ್ಟು ದಿನ ನೀವು ನನಗೆ ಏನೋ ಅಗ್ಗದ್ದು ಕಟ್ತಿದ್ರಿ” ಅಂದ.

ತಂಗಿಗೆ ನಗು ಬರಲಿಲ್ಲ. ನದಿ ಪಕ್ಕದ ಕಾರ್ಖಾನೆಯಲ್ಲಿ ಅವಳ ಜೊತೆ ಓದಿದವಳೊಬ್ಬಳಿದ್ದಳು. ದಿನಕ್ಕೆ ಎಂಟು ಗಂಟೆ, ಭೂತಗನ್ನಡಿಯ ಮುಂದೆ ಕೂತು, ಕಡ್ಡಿಯೂ ಕೊಕ್ಕೆಯೂ ನೇರವಾಗಿವೆಯೇ ಎಂದು ನೋಡುವುದು ಅವಳ ಕೆಲಸ. ಕಣ್ಣಿಗೆ ದಪ್ಪ ಕನ್ನಡಕ ಬಂದಿತ್ತು. ಅವಳು ನೋಡಿ ಪಾಸು ಮಾಡಿದ ಪ್ಲಗ್ಗಿನ ಹೆಸರೆಲ್ಲ ಗಾಜಿನ ಅಂಗಡಿಯ ಟೈ ಕಟ್ಟಿದವನಿಗೆ ಹೋಗುತ್ತಿತ್ತು. ಅವನ ಅಂಗಡಿಯಲ್ಲಿ ಈಗ ಸಾಲು ನಿಲ್ಲುತ್ತಾರಂತೆ ಎಂದು ಮಾಲಿ ಹೇಳಿದ್ದ. ‘ನಾನೂ ಡೂಪ್ಲಿಕೇಟು ಮಾಡೋಳೇ ಆದೆ,’ ಅಂದುಕೊಂಡಳು ತಂಗಿ. ‘ಅವನು ಕೆಟ್ಟದ್ದಕ್ಕೆ ಒಳ್ಳೆ ಹೆಸರು ಕೊಡ್ತಾನೆ, ನಾನು ಒಳ್ಳೇದಕ್ಕೆ ಅವನ ಹೆಸರು ಕೊಡ್ತಿದೀನಿ.’

ಒಂದು ಬೆಳಿಗ್ಗೆ ಅವಳು ಷಟರ್ ಎತ್ತುವಷ್ಟರಲ್ಲಿ ಮೂಲದೇಶ ಬಂದರು. ಒಂದು ಕೈ ಮುಷ್ಟಿ ಕಟ್ಟಿತ್ತು. ಒಳಗೆ ಬಂದವರೇ, “ಷಟರ್ ಅರ್ಧ ಇಳಿಸು” ಎಂದರು.

ಇಳಿಸಿದಳು. ಅವರು ಮುಷ್ಟಿ ಬಿಚ್ಚಿದರು. ಪಾರ್ಕಿನ ಮೆಷಿನ್ನಿನ ಪ್ಲಗ್. ಪಿಂಗಾಣಿಯ ಮೇಲೆ, ಕಂಪನಿಯ ಗುರುತಿನ ಕೆಳಗೆ, ಸಣ್ಣ ಕಪ್ಪು ಅಕ್ಷರದಲ್ಲಿ ನಮ್ಮ ದೇಶದ ಹೆಸರಿತ್ತು.

“ಹನ್ನೊಂದು ಗಂಟೆಗೆ ಪಕ್ಕದ ಕಾಲೊನಿ ಸಮಿತಿಯವರು ಬರ್ತಿದಾರೆ,” ಅಂದರು. “ಬಿಚ್ಚಿ ತೋರಿಸ್ತೀನಿ ಅಂತ ಹೇಳಿಬಿಟ್ಟಿದೀನಿ. ಸ್ವಲ್ಪ ಒರೆಸಿಡೋಣ ಅಂತ ಮುಂಚೆ ಬಿಚ್ಚಿದೆ.”

ಅವಳು ಹೆಗಲು ಕೊಡವಿಕೊಂಡು ನೆಟ್ಟಗೆ ನಿಂತಳು. “ನಾನೇ ಹಾಕಿದ್ದು ಭಾವ. ನೀವು ತಂದಿದ್ದು ಓಡ್ಲಿಲ್ಲ. ಇದು ಎರಡು ತಿಂಗಳಿಂದ ಓಡ್ತಾ ಇದೆ. ಎಲ್ಲರದಕ್ಕೂ ಇದನ್ನೇ ಹಾಕಿದೀನಿ. ಬೈಯೋದಿದ್ರೆ ಬೈಯಿರಿ, ಆದ್ರೆ ಓಡ್ತು ಅಂತ ಒಪ್ಕೊಳ್ಳಿ.” ಅಕ್ಕನ ಹೆಸರು ಎತ್ತಲಿಲ್ಲ.

ಬೈಗುಳಕ್ಕೆ ಕಾದಳು. ಮೂಲದೇಶ ಪ್ಲಗ್ಗನ್ನು ನೋಡಿದರು, ಗೋಡೆಯ ಗಡಿಯಾರ ನೋಡಿದರು, ಷಟರಿನ ಕೆಳಗಿನ ಸಂದಿಯಲ್ಲಿ ಯಾರ ಕಾಲಾದರೂ ಕಾಣುತ್ತದೆಯೇ ಎಂದು ನೋಡಿದರು.

“ಥಿನ್ನರ್ ಇದೆಯಾ?” ಎಂದರು.

“ಏನಕ್ಕೆ?”

“ಇದೆಯಾ ಹೇಳು.”

ಅವಳು ಬಾಟಲಿ ಕೊಟ್ಟಳು. ಮೂಲದೇಶ ಕನ್ನಡಕ ಹಣೆಗೇರಿಸಿ, ಚಿಂದಿ ಬಟ್ಟೆಯ ತುದಿಯನ್ನು ಅದ್ದಿ, ಮೇಜಿಗೆ ಬಾಗಿ ಉಜ್ಜತೊಡಗಿದರು. ಮೂವತ್ತೊಂದು ವರ್ಷ ಆ ಒಂದು ಕಲಂ ಖಾಲಿ ಬಿಟ್ಟವರ ಪೆಟ್ಟಿಗೆಗಳನ್ನು ತಿಂಗಳುಗಟ್ಟಲೆ ಬಿಸಿಲಿನಲ್ಲಿ ನಿಲ್ಲಿಸಿದ್ದ ಮನುಷ್ಯ, ಈಗ ತಾವು ಹುಟ್ಟಿದ ದೇಶದ ಹೆಸರನ್ನು ಬೆವರು ಸುರಿಸಿ ಅಳಿಸುತ್ತಿದ್ದರು. ಹೆಸರು ಅಳಿಸಲಿಲ್ಲ. ಇನ್ನಷ್ಟು ಹೊಳೆಯಿತು.

“ಮರಳು ಕಾಗದ ಕೊಡು.”

“ಬೇಡ ಭಾವ. ಪಿಂಗಾಣಿ ಮೇಲಿನ ಮೆರುಗು ಹೋದ್ರೆ ಮಸಿ ಹಿಡಿಯುತ್ತೆ, ಕಿಡಿ ಒಳಗೆ ಹೋಗ್ದೆ ಹೊರಗೇ ಜಾರುತ್ತೆ. ಅವರ ಎದುರಿಗೇ ನಿಂತುಹೋಗುತ್ತೆ.”

“ಹೋಗದಂಗೆ ಯಾಕೆ ಬರೆದಿದಾರೆ ಇದನ್ನ?”

“ಬೇಕಂತಲೇ. ಬಿಸಿಗೆ, ಎಣ್ಣೆಗೆ, ಪೆಟ್ರೋಲಿಗೆ ವರ್ಷಗಟ್ಟಲೆ ಹೋಗಬಾರದು ಅಂತ ಬೆಂಕೀಲಿ ಸುಟ್ಟು ಕೂರಿಸ್ತಾರೆ. ಒಳ್ಳೆ ಮಾಲು.”

“ಎಂಥಾ ಜನ!” ಎಂದರು ಮೂಲದೇಶ, ನಿಜವಾದ ಸಂಕಟದಿಂದ. ಸ್ಟೂಲಿನ ಮೇಲೆ ಕುಸಿದು ಕೂತರು. ಇದ್ದಕ್ಕಿದ್ದಂತೆ ಮುಖ ಅರಳಿತು. “ಬಿಚ್ಚೋದೇ ಇಲ್ಲ. ಪ್ಲಗ್ಗಿನ ಮೇಲೆ ರಬ್ಬರ್ ಕ್ಯಾಪ್ ಹಾಕಿದ್ರೆ ಏನೂ ಕಾಣಲ್ಲ. ಒಳ್ಳೆ ಪ್ಲಗ್ಗನ್ನ ಪದೇ ಪದೇ ಬಿಚ್ಚಬಾರದು ಅಂತ ಹೇಳ್ತೀನಿ.”

“ಅದು ನಿಜಾನೇ ಭಾವ. ತಿರುಪು ಸವೆಯುತ್ತೆ.”

“ನಿಜಾನಾ?” ಅವರಿಗೇ ಆಶ್ಚರ್ಯವಾಯಿತು. “ಹಾಗಾದ್ರೆ ಇನ್ನೂ ಒಳ್ಳೇದು.” ಎದ್ದು, ಪ್ಲಗ್ಗನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡು, ಷಟರಿನ ಕೆಳಗೆ ಬಗ್ಗಿ ಹೊರಟುಹೋದರು. ಹನ್ನೊಂದು ಗಂಟೆಗೆ ಹಸಿರು ಡಬ್ಬಿಯನ್ನು ಮಾತ್ರ ತೋರಿಸಿ ಭಾಷಣ ಮಾಡಿದರಂತೆ. ಪಕ್ಕದ ಕಾಲೊನಿಯವರು ಡಬ್ಬಿಯ ಫೋಟೋ ತೆಗೆದುಕೊಂಡು ಹೋದರು.

ಅವತ್ತೇ ಅವಳು ಮೇಜಿನ ಕೆಳಗಿದ್ದ ಖಾಲಿ ಹಸಿರು ಡಬ್ಬಿಗಳನ್ನೆಲ್ಲ ತುಳಿದು ಚಪ್ಪಟೆ ಮಾಡಿ ಕಸಕ್ಕೆ ಹಾಕಿದಳು. ಮಧ್ಯಾಹ್ನ ಪಂಪು ಹೊತ್ತುಕೊಂಡು ಬಂದವನೊಬ್ಬ ಹಸಿರು ಡಬ್ಬಿ ಕೇಳಿದ. “ಡಬ್ಬಿ ಇಲ್ಲ, ಪ್ಲಗ್ ಇದೆ,” ಅಂದಳು. ಎಲ್ಲಿ ಮಾಡಿದ್ದು ಎಂದು ಅವನು ಕೇಳಿದ. ಹೇಳಿದಳು. ಪಂಪನ್ನು ಮತ್ತೆ ಹೆಗಲಿಗೇರಿಸಿಕೊಂಡು ಗಾಜಿನ ಅಂಗಡಿಯ ದಾರಿ ಹಿಡಿದ. ಆ ತಿಂಗಳು ಹಾಗೆ ಹೋದವರು ಒಬ್ಬಿಬ್ಬರಲ್ಲ. ಅರ್ಧದಷ್ಟು ಜನ ಸತ್ತ ಎಂಜಿನ್ನು ಹೊತ್ತುಕೊಂಡು ವಾಪಸು ಬಂದರು. ಉಳಿದರ್ಧ ಹೊಸ ಮೆಷಿನ್ನು ಕೊಂಡರು.

ಅಕ್ಕ ಒಂದು ದಿನ ಬಂದು ಸುತ್ತಮುತ್ತ ನೋಡಿ, ತಂಗಿಯ ಕಿವಿಯ ಹತ್ತಿರ ಬಾಗಿದಳು.

“ಒಂದು ಬಿಳಿ ಡಬ್ಬಿದು ಕೊಡು. ನಮ್ಮನೆ ಜನರೇಟರಿಗೆ.”

“ನೀನೇ ಹಾಕ್ತಿದೀಯಾ, ಭಾವನಿಗೆ ಗೊತ್ತಿಲ್ದೆ?”

“ಅವರೇ ಕಳಿಸಿದ್ದು ಕಣೇ. ಡಬ್ಬಿ ಬೇಡ, ಪೇಪರಲ್ಲಿ ಸುತ್ತಿ ಕೊಡ್ಬೇಕಂತೆ. ಅದು ಯಾವ ದೇಶದ್ದು ಅಂತ ನನಗೂ ಗೊತ್ತಾಗಬಾರದು ಅಂದಿದಾರೆ.”